ಭಾಷಣಕ್ಕಾಗಿ ನಿಲ್ಲಿಸಿದ ಪಂಪು

ಗ್ರಾಫೀನ್ ಎಂಬುದು ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ; ನಿಲ್ಲಿಸುವುದೇ ಕಷ್ಟ. ಅದನ್ನು ಕಣ್ಣಿಗೆ ಕಾಣದಷ್ಟು ಕಿರಿದಾದ ಪಟ್ಟಿಗಳಾಗಿ ಬೆಳೆಸಿ, ಎಲೆಕ್ಟ್ರಾನುಗಳು ದಾಟಬೇಕಾದ ಶಕ್ತಿಯ ಅಂತರವೊಂದನ್ನು ಅದರೊಳಗೆ ಮೂಡಿಸಿ, ಬೇಕೆಂದಾಗ ಹರಿಸುವ, ಬೇಡವೆಂದಾಗ ತಡೆಯುವ ವಿದ್ಯೆಗೆ ಬದುಕನ್ನೇ ಕೊಟ್ಟವರು ಯಲಹಂಕದ ನಮ್ಮ ಕಾಲೇಜಿನ ಪ್ರಾಧ್ಯಾಪಕರಾದ ಡಾ. ಚನ್ನಕೇಶವರವರು. ಅವರ ಸಂಶೋಧನೆಯನ್ನು ತೂಗಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಅವರ ಪ್ರಯೋಗಾಲಯದಲ್ಲಿ ಗಾಜು ತೊಳೆದವಳು, ಕಂಡದ್ದನ್ನು ಬರೆಯುತ್ತೇನೆ.

ಅಟ್ಟೂರಿನಿಂದ ನಾನು ಕೆಲಸಕ್ಕೆ ಬಂದಾಗ ನನಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಸೇರಿದ ಮೇಲೆ ಸಂಜೆಯಾದರೆ ಸಾಕು, ಅವರೇ ನನ್ನ ಕೈಯಿಂದ ಬ್ರಶ್ ಕಿತ್ತುಕೊಳ್ಳುತ್ತಿದ್ದರು. "ಹೊರಡಿ ಮುನಿಗಂಗಮ್ಮ, ಇದ್ನ ನಾನ್ ತೊಳ್ಕೋತೀನಿ. ನಿಮ್ ಮೇಷ್ಟ್ರು ನನ್ನ ಬೈಕೋಬಾರ್ದು." ಹತ್ತನೆಯ ತರಗತಿ ಪಾಸಾದ ದಿನ ನನ್ನನ್ನು ಕೂರಿಸಿಕೊಂಡು, ಪಟ್ಟಿ ಕಿರಿದಾದಷ್ಟೂ ಆ ಅಂತರ ಹಿರಿದಾಗುತ್ತದೆ ಎಂಬುದನ್ನು ಚಿತ್ರ ಬರೆದು ತಿಳಿಸಿದರು.

ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಪಾತ್ರೆಯೊಳಗೆ, ಬಿಸಿ ಚಿನ್ನದ ಮೇಲೆ ಆ ಪಟ್ಟಿಗಳು ಬೆಳೆಯಬೇಕು. ಪಂಪು ನಿಂತರೆ ಎಲ್ಲವೂ ಹಾಳು. ಆದ್ದರಿಂದ ಕೊನೆಗೆ ಹೊರಡುವವರು ಪಂಪಿನ ಮೇಲೆ ಅಂಗೈಯಿಟ್ಟು, ಅದು ಓಡುತ್ತಿರುವುದನ್ನು ತಿಳಿದೇ ಬಾಗಿಲು ಹಾಕುವುದು ನಮ್ಮಲ್ಲಿ ರೂಢಿ.

ಕಳೆದ ತಿಂಗಳು ಪ್ರಯೋಗಾಲಯದ ಪಕ್ಕದ ಸಭಾಂಗಣದಲ್ಲಿ ಅವರ ಬೀಳ್ಕೊಡುಗೆ ನಡೆಯಿತು. ಮುಖ್ಯ ಅತಿಥಿಗಳು ಹೊಗಳುತ್ತಿರುವಾಗಲೇ ಚನ್ನಕೇಶವ ಮೇಷ್ಟ್ರು ತಟ್ಟನೆ ಎದ್ದು, ಹೊದಿಸಿದ್ದ ಶಾಲಿನಲ್ಲೇ ಹೊರಗೆ ನಡೆದರು. ಭಾವುಕರಾದರೆಂದು ಸಭೆ ಚಪ್ಪಾಳೆ ತಟ್ಟಿತು. ಅವರ ಕಿವಿಗೆ ಬಿದ್ದದ್ದು ಪಕ್ಕದ ಕೋಣೆಯ ನಿಶ್ಶಬ್ದ; ಪಂಪಿನ ಸದ್ದು ನಿಂತಿತ್ತು. ನಾನು ಹಿಂದೆಯೇ ಹೋದೆ. ಅವರ ಕೊನೆಯ ಶಿಷ್ಯೆ ಶಾಂತಲಾ ವರ್ಷವಿಡೀ ದುಡಿದು ಬೆಳೆಸುತ್ತಿದ್ದ ಪಟ್ಟಿಗಳ ಮೇಲೆ ಗಾಳಿ ನುಗ್ಗಿಯಾಗಿತ್ತು.

"ಯಾಕ್ ಸ್ವಾಮಿ ಪಂಪು ನಿಲ್ಸಿದ್ರಿ?" ಎಂದು ಆಡಳಿತಾಧಿಕಾರಿ ನಾಗೇಶರನ್ನು ಕೇಳಿದೆ.

"ಭಾಷಣ ಕೇಳಿಸ್ಬೇಡ್ವೇನಮ್ಮ? ಒಂದೇ ಸಮ ಗುಂಯ್ ಅಂತಿತ್ತು. ನಿಮ್ ಮೇಷ್ಟ್ರನ್ನ ಹೊಗಳೋಕೇ ತಾನೇ ನಿಲ್ಸಿದ್ದು?"

ಶಾಂತಲಾ ಅಳುತ್ತಿದ್ದಳು. "ಅಳ್ಬೇಡಮ್ಮ, ಮತ್ತೆ ಬೆಳೆಸೋಣ," ಎಂದರು ಮೇಷ್ಟ್ರು.

"ಎಲ್ಲಿ ಬೆಳೆಸ್ತೀರಾ ಸಾರ್? ನಾಳೆಯಿಂದ ಈ ರೂಮು ಸ್ಟೋರಿಗೆ. ಕುರ್ಚಿ ಇಡೋಕೆ ಜಾಗ ಇಲ್ಲ," ಎಂದರು ನಾಗೇಶ್.

ಹೇಳಿದಂತೆಯೇ ಬೀಗ ಬಿತ್ತು. ಒಬ್ಬ ಮನುಷ್ಯನನ್ನು ಹೊಗಳಲೆಂದು ಅವನ ಕೆಲಸವನ್ನೇ ಕೊಲ್ಲುವುದು ಯಾವ ಸೀಮೆಯ ಗೌರವ? ಈಗ ಶಾಂತಲಾ ಗಂಗಾನಗರದ ಅವರ ಮನೆಗೆ ಹೋಗುತ್ತಾಳೆ. ಇಬ್ಬರೂ ಬೆಳೆಸಲಾಗದ ಪಟ್ಟಿಗಳ ಲೆಕ್ಕವನ್ನು ಕಾಗದದ ಮೇಲೆ ಮಾಡುತ್ತಾರೆ. ಅವಳ ಪಿಎಚ್‌ಡಿಯ ಗಡುವು ಬರುವ ಯುಗಾದಿಗೆ ಮುಗಿಯುತ್ತದೆ.

ಈ ಸಂಪುಟ ಅದೇ ಸಭಾಂಗಣದಲ್ಲಿ ಬಿಡುಗಡೆಯಾಗಲಿದೆಯಂತೆ. ಮುಂದಿನ ಸಾಲಿನಲ್ಲಿ ಕೂರುವ ಆಡಳಿತ ಮಂಡಳಿಯವರಲ್ಲಿ, ವಯಸ್ಸಿನಲ್ಲಿ ಹಿರಿಯಳಾಗಿ ಒಂದು ಮಾತು ಕೇಳುತ್ತೇನೆ. ಮೇಷ್ಟ್ರು ನೂರು ಕಾಲ ಬಾಳಲಿ, ಕೈಯಲ್ಲಿರುವ ಕೆಲಸ ಮುಗಿಸಲಿ ಎಂದು ನೀವೆಲ್ಲ ಹಾರೈಸುತ್ತೀರಿ. ಆಯಸ್ಸನ್ನು ದೇವರು ಕೊಡಬೇಕು. ಕೋಣೆಯನ್ನು ಕೊಡಬೇಕಾದವರು ನೀವು.