ಡಬ್ಬಿಯಲ್ಲಿ ಒಂದೇ ಒಂದು ಕೆಂಪು ಗುಂಡಿ

ಸೂರ್ಯ ಇನ್ನೂ ಹಾಸಿಗೆಯಲ್ಲಿ ಮಗ್ಗಲು ಬದಲಿಸುತ್ತಿರುವಾಗಲೇ ಹೆರಿಗೆ ಆಸ್ಪತ್ರೆಯ ನಾಲ್ಕನೇ ಕೋಣೆಯಲ್ಲಿ ಎಣಿಕೆ ಶುರು. ಅಂಗಿಯ ಗುಂಡಿಗಳು: ನೂರತೊಂಬತ್ತೊಂಬತ್ತು ಬಿಳಿ, ಒಂದು ಕೆಂಪು. ಎಣಿಸುವವರು, ಎಲ್ಲರೂ 'ಗುಂಡಿ ಅಕ್ಕ' ಎಂದೇ ಕರೆಯುವ ಇಲ್ಲಿನ ಆಪ್ತಸಲಹೆಗಾರ್ತಿ. ಮೂರು ಲೋಕ ಸುತ್ತಿ, ಈಗ ಅಕ್ಕನ ಬಗ್ಗೆ ಬರೆಯಲು ಇಲ್ಲಿ ಕೂತಿರುವ ನಾನು ಆಣೆ ಮಾಡಿ ಹೇಳುತ್ತೇನೆ, ಇಷ್ಟು ಗುಂಡಿ ಎಣಿಸಿದ ಬೆರಳು ಇನ್ನೆಲ್ಲೂ ಇಲ್ಲ.

"ಒಂದು ಕಳೆದ್ರೂ ನಾನು ಸುಳ್ಳು ಹೇಳ್ದಂಗೆ," ಎನ್ನುತ್ತಾರೆ ಅಕ್ಕ.

ಗರ್ಭಿಣಿಯ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡನ್ನೂ ಸೇರಿಸಿ, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ವ್ಯತ್ಯಾಸ ಇರುವ ಸಾಧ್ಯತೆಯ ಲೆಕ್ಕ ಹಾಕುತ್ತಾರೆ. ಸಾಧ್ಯತೆ ಮಾತ್ರ. ಖಚಿತವಾಗಬೇಕಾದರೆ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆಯಬೇಕು. ಅದರಿಂದ ಗರ್ಭಪಾತದ ಅಪಾಯ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ. ಸೂಜಿ ಬೇಕೋ ಬೇಡವೋ ಎಂದು ತೂಗಿ ನೋಡಲು ದಿನಕ್ಕೆ ಹನ್ನೆರಡು ಮನೆಯವರು ಬರುತ್ತಾರೆ. ನಾನು ಹನ್ನೆರಡು ಸಾವಿರ ಎಂದು ಬರೆದಿದ್ದೆ; ಅಕ್ಕ ಗದರಿಸಿದ್ದಕ್ಕೆ ಸೊನ್ನೆ ಉದುರಿಸಿದ್ದೇನೆ.

ಹತ್ತು ಗಂಟೆಗೆ ಬಸ್ ಕಂಡಕ್ಟರ್ ಹೆಣ್ಣುಮಗಳೊಬ್ಬಳು ಅತ್ತೆಯೊಂದಿಗೆ ಬರುತ್ತಾಳೆ. ಏಳು ವರ್ಷ ಕಾದು ಬಸುರಾದವಳು. ಚೀಟಿಯಲ್ಲಿ 'ಇನ್ನೂರಕ್ಕೆ ಒಂದು': ಇಂಥ ಇನ್ನೂರು ಬಸುರಿಯರಲ್ಲಿ ಒಬ್ಬಳ ಮಗುವಿಗೆ ಆ ವ್ಯತ್ಯಾಸ, ಥೇಟ್ ಡಬ್ಬಿಯ ಗುಂಡಿಗಳ ಲೆಕ್ಕ. ಕಣ್ಣಲ್ಲಿ ಒಂದು ಕೆರೆ ನೀರು. ಅಕ್ಕ ಡಬ್ಬಿ ಮುಂದಿಟ್ಟು, "ನೋಡ್ದೇ ಒಂದು ತೆಗಿ," ಎನ್ನುತ್ತಾರೆ. ಸೊಸೆಗಿಂತ ಮೊದಲು ಅತ್ತೆ ಕೈ ಹಾಕುತ್ತಾರೆ. ಬಂದದ್ದು ಕೆಂಪು!

"ಅಯ್ಯಯ್ಯೋ, ಮುಗೀತು ಕಥೆ!" ಕೂಗಿಗೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತವೆ.

"ಅಮ್ಮಾ, ಇದು ಗುಂಡಿ, ಶಕುನ ಅಲ್ಲ. ಅವಳ ಹೊಟ್ಟೇಲಿ ಏನಿದೆ ಅಂತ ಡಬ್ಬಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಾಪಸ್ ಹಾಕಿ."

ಅಳುತ್ತಿದ್ದವಳಿಗೆ ನಗು ಬಂದುಬಿಡುತ್ತದೆ. "ನೀವಾಗಿದ್ರೆ ಏನ್ ಮಾಡ್ತಿದ್ರಿ ಅಕ್ಕಾ?"

"ನನ್ ವಿಷಯ ಬಿಡು. ಗೊತ್ತಾದ್ರೆ ನೀನೇನ್ ಮಾಡ್ತೀಯ? ಗೊತ್ತಾಗ್ದೇ ಇದ್ರೆ ಹೆರಿಗೆವರೆಗೂ ನಿದ್ದೆ ಬರುತ್ತಾ?"

ಅವಳು ಅತ್ತೆಯ ಕೈಯಿಂದ ಕೆಂಪು ಗುಂಡಿ ತೆಗೆದು ಡಬ್ಬಿಗೆ ಹಾಕುತ್ತಾಳೆ.

"ನಿದ್ದೆ ಕೆಟ್ರೆ ಕೆಡ್ಲಿ. ಹೇಗೇ ಹುಟ್ಟಿದ್ರೂ ನನ್ ಕೂಸೇ. ಸೂಜಿ ಬೇಡ."

ಅತ್ತೆ ಸೊಸೆಯ ಚೀಲ ಎತ್ತಿಕೊಳ್ಳುತ್ತಾರೆ.

ಇದೇ ಸಂಖ್ಯೆ ಹಿಡಿದು ಒಂಬತ್ತಕ್ಕೆ ಬಂದಿದ್ದ ಶಾಲೆಯ ಟೀಚರೊಬ್ಬರು ಸೂಜಿಗೆ ದಿನ ಗೊತ್ತುಮಾಡಿಕೊಂಡು ಹೋಗಿದ್ದಾರೆ. ಮುಂಚೆಯೇ ತಿಳಿದರೆ ಅಣಿಯಾಗಬಹುದು ಎಂಬುದು ಅವರ ಮಾತು.

"ಇಬ್ಬರಲ್ಲಿ ಯಾರು ಸರಿ?" ಎಂದು ಕೆಣಕುತ್ತೇನೆ.

ಅಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ. "ಇಪ್ಪತ್ತೆರಡು ವರ್ಷ ಆಯ್ತು ಈ ಕುರ್ಚೀಲಿ. ನನ್ ಮನಸ್ಸು ಯಾವ ಕಡೆಗಿದೆ ಅಂತ ಇವತ್ತಿನವರೆಗೂ ಒಬ್ಬರಿಗೂ ಗೊತ್ತಾಗಿಲ್ಲ. ನಮ್ಮ ಯಜಮಾನ್ರಿಗೂ."