ನಲವತ್ತನೆಯ ಮಾನಿಟರು

ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದೇ ಒಂದು ಯಂತ್ರವೂ ಸತ್ತಿರಲಿಲ್ಲ. ಆಸ್ಪತ್ರೆಯ ಮಾನಿಟರುಗಳನ್ನು ರಿಪೇರಿ ಮಾಡುವ ಆ ವರ್ಕ್‌ಶಾಪಿನಲ್ಲಿ ಅವನನ್ನು ನಿಧಾನಪ್ಪ ಎಂದು ಕರೆದು ಹಲ್ಲು ಕಿಸಿಯುತ್ತಿದ್ದರು. ಕಿಸಿಯಲಿ ಬಿಡಿ, ಅವನಿಗಿದ್ದ ಆಸ್ತಿ ಆ ಕೈಗುಣವೊಂದೇ.

ಮಾನಿಟರು ಹಚ್ಚಿದಾಗ ಮೊದಲು ಎದ್ದು, ಉಳಿದದ್ದನ್ನೆಲ್ಲ ಎಬ್ಬಿಸುವುದು ಒಳಗಿನ ಲಿನಕ್ಸ್ ಕರ್ನಲ್ ಎಂಬ ಸಾಫ್ಟ್‌ವೇರ್. ಅದನ್ನು ಬರೆದಿಡುವ ಫ್ಲ್ಯಾಶ್ ಚಿಪ್ಪಿನಲ್ಲಿ ಅದಕ್ಕೆ ಎರಡು ಜಾಗ. ನಿಧಾನಪ್ಪ ಹೊಸದನ್ನು ಒಂದರಲ್ಲಿ ಮಾತ್ರ ಬರೆಯುವನು, ಇನ್ನೊಂದರಲ್ಲಿ ಹಳೆಯದನ್ನು ಉಳಿಸುವನು. ಹೊಸದು ಏಳದಿದ್ದರೆ ಹಳೆಯದಾದರೂ ಏಳಬೇಕಲ್ಲ! ಬರೆದು ಮುಗಿಯುವ ತನಕ ಪ್ಲಗ್ಗನ್ನು ಅಂಗೈಯಿಂದ ಒತ್ತಿ ನಿಲ್ಲುವನು, ಯಾವ ಪುಣ್ಯಾತ್ಮನೂ ವೈರು ಎಡವಿ ಕಿತ್ತುಹಾಕಬಾರದೆಂದು. ಆಮೇಲೆ ಆರಿಸಿ, ಹಚ್ಚಿ ನೋಡಿದ ಮೇಲೇ ಮುಂದಿನದು.

ಇದನ್ನೆಲ್ಲ ಒಬ್ಬನಿಗೆ ಕೈಹಿಡಿದು ಕಲಿಸಿದ, ಮಗಳನ್ನೂ ಕೊಟ್ಟ. ಆ ಅಳಿಯನೇ ಈಗ ಸೂಪರ್‌ವೈಸರ್. ಹೆಂಡತಿ ತೀರಿಕೊಂಡ ಮೇಲೆ ನಿಧಾನಪ್ಪ ಇರುವುದೂ ಅವನ ಮನೆಯ ಮುಂದಿನ ಕೋಣೆಯಲ್ಲೇ. ಹಣೆಬರಹ ನೋಡಿ!

ಆ ದಿನ ಹೊಸ ಕರ್ನಲ್ ಬರೆಯಲೆಂದು ನಲವತ್ತು ಮಾನಿಟರು ಬಂದವು.

“ಮಾವ, ಎರಡೂ ಜಾಗಕ್ಕೆ ಹೊಸದೇ ಬರೀರಿ. ಆರಿಸೋದು, ಹಚ್ಚೋದು, ಆ ಆಟ ಎಲ್ಲ ಬೇಡ. ಸಂಜೆ ಗಾಡಿ ಬರುತ್ತೆ,” ಎಂದ ಅಳಿಯ.

“ಇವುಗಳ ಚಿಪ್ಪು ಬೇರೆ ಥರ ಕಾಣ್ತಿದೆ. ಒಂದನ್ನಾದ್ರೂ ಹಚ್ಚಿ ನೋಡೋಣ.”

“ಮನೇಲೂ ಉಪದೇಶ, ಇಲ್ಲೂ ಉಪದೇಶ! ಹಾಕಿದ ತುತ್ತಿಗಾದ್ರೂ ಹೇಳಿದಷ್ಟು ಮಾಡಿ.”

ಇಡೀ ವರ್ಕ್‌ಶಾಪಿಗೆ ಕೇಳಿಸಿತು. ಯಾರೋ ಕಿಸಕ್ಕೆಂದರು. ಮಗಳ ಸಂಸಾರ ನೆಟ್ಟಗಿರಲಿ ಎಂದು ನಿಧಾನಪ್ಪ ಅದನ್ನೂ ನುಂಗಿಕೊಂಡು ಬರೆಯತೊಡಗಿದ. ಕೊನೆಯದಕ್ಕೆ ಬಂದಾಗ ಅಳಿಯ ಫೋನು ಹಿಡಿದು ಹೊರಗೆ ಹೋದ. ಮುದುಕನಿಗೆ ಮನಸ್ಸು ತಡೆಯಲಿಲ್ಲ. ಅದೊಂದರಲ್ಲಿ ಹಳೆಯದನ್ನು ಉಳಿಸಿದ. ಆರಿಸಿ ನೋಡಬೇಕು ಎನ್ನುವಷ್ಟರಲ್ಲಿ ಅಳಿಯ ಒಳಗೆ ಬಂದ, ಪೆಟ್ಟಿಗೆಗಳು ಗಾಡಿ ಹತ್ತಿದವು.

ಮರುದಿನ ನಲವತ್ತೂ ವಾಪಸು. ಬರೆದ ಹೊಸ ಕರ್ನಲ್ ಬೇರೆ ಥರದ ಚಿಪ್ಪಿನದಾಗಿತ್ತು. ಮಾಲೀಕನ ಎದುರು ಒಂದೊಂದಾಗಿ ಹಚ್ಚಿದರು. ಮೂವತ್ತೊಂಬತ್ತು ಕಪ್ಪಗೆ ಕೂತವು. ನಲವತ್ತನೆಯದು ತಡವರಿಸಿ, ಹಳೆಯ ಕರ್ನಲ್ ಹಿಡಿದು ಎದ್ದಿತು.

ನಿಧಾನಪ್ಪನಿಗೆ ಹೋದ ಜೀವ ಬಂದಂತಾಯಿತು. “ನೋಡಿ ಸಾರ್, ಹಳೇದು ಉಳಿಸಿದ್ದಕ್ಕೆ ಇದು ಎದ್ದಿದೆ. ಎರಡೂ ಕಡೆ ಬರೀರಿ ಅಂದದ್ದು ಇವರು.”

“ನಾನ್ಯಾಕೆ ಹಾಗನ್ಲಿ ಸಾರ್?” ಅಳಿಯ ರೆಪ್ಪೆ ಮಿಟುಕಿಸಲಿಲ್ಲ. “ಉಳಿಸೋದು ಗೊತ್ತಿದ್ದೂ ಮೂವತ್ತೊಂಬತ್ತನ್ನ ಕೆಡಿಸಿದಾರೆ ಅಂದ್ರೆ ಬೇಕಂತ್ಲೇ ತಾನೆ? ನನ್ನ ಮೇಲಿನ ಹೊಟ್ಟೆಕಿಚ್ಚು.”

ನಿನ್ನೆ ಎಲ್ಲವನ್ನೂ ಕೇಳಿಸಿಕೊಂಡವರು ಇವತ್ತು ತಲೆ ಬಗ್ಗಿಸಿ ಸ್ಕ್ರೂ ಹುಡುಕುತ್ತಿದ್ದರು. ಥೂ, ಇವರೂ ಮನುಷ್ಯರೇ!

ಮನೆಯಲ್ಲಿ ಮಗಳು ಕಾಗದ, ಪೆನ್ನು ತಂದಿಟ್ಟಳು. “ಅಪ್ಪಾ, ಬೇಕಂತ್ಲೇ ಮಾಡಿದೆ ಅಂತ ಬರ್ದುಕೊಟ್ಬಿಡು. ಈ ವಯಸ್ಸಲ್ಲಿ ನಿಂಗೆ ಹೆಸರು ಕಟ್ಕೊಂಡು ಏನಾಗಬೇಕು? ಅವರ ಕೆಲಸ ಹೋದ್ರೆ ಎಲ್ರೂ ಬೀದಿಗೆ.”

ನಿಧಾನಪ್ಪ ಅವಳ ಮುಖ ನೋಡಿದ. ಬರೆದು ಸಹಿ ಹಾಕಿದ.

ಅಳಿಯ ಓದಿ ಮಡಚಿ ಜೇಬಿಗಿಟ್ಟುಕೊಂಡ. “ಇನ್ನೊಂದು ಪ್ರತಿ ಬರೀರಿ ಮಾವ. ಒಂದು ಕೆಟ್ರೆ ಇನ್ನೊಂದಿರಬೇಕು. ನೀವೇ ಕಲಿಸಿದ್ದಲ್ವ?”

ನಿಧಾನಪ್ಪ ಎರಡನೆಯ ಹಾಳೆ ಎಳೆದುಕೊಂಡ.