ಒರಟು ತಂತಿ, ನುಣ್ಣನೆಯ ತಂತಿ

ನಮ್ಮ ಮನೆಯಲ್ಲಿ ಗಿಟಾರು ಇದೆ ಅಂದರೆ ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯಲ್ಲಿ ಈಗಲೂ ಅದು ಮಗನದೇ ಇರಬೇಕು ಅಂದುಕೊಳ್ಳುವವರಿದ್ದಾರೆ. ನಮಗೆ ಮಗನಿಲ್ಲ. ಗಿಟಾರು ನನ್ನ ಯಜಮಾನರದು. ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ, ಹೆಸರು, ಉದ್ದಿನ ಅಡತಿ ಅಂಗಡಿ ನಡೆಸುವ, ಹಣೆಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಮನುಷ್ಯ ಸಂಜೆ ಆದರೆ ಗಿಟಾರು ತೊಡೆಯ ಮೇಲಿಟ್ಟುಕೊಂಡು ಭಜನೆಗೆ ಶ್ರುತಿ ಹಿಡಿಯುತ್ತಾರೆ ಎಂದರೆ ನಂಬುವುದು ಕಷ್ಟವೇ. ಮದುವೆಯಾದ ಹೊಸತರಲ್ಲಿ ನಾನೂ ನಂಬಿರಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ಕಲಿತದ್ದಂತೆ. ಓದು ಅರ್ಧಕ್ಕೆ ಬಿಟ್ಟು ಅಪ್ಪನ ಅಂಗಡಿಗೆ ಬಂದರು, ಗಿಟಾರು ಮಾತ್ರ ಬಿಡಲಿಲ್ಲ.

ನನಗೆ ಹಾಡು ಬರುವುದಿಲ್ಲ, ಕಿವಿಯೂ ಅಷ್ಟಕ್ಕಷ್ಟೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ; ಸಂಗೀತ ಅಂದರೆ ನನಗೆ ಕಂಪನದ ಪಾಠ, ಅದರ ಆಚೆಗೆ ಏನೂ ಇಲ್ಲ. ಆದರೂ ಅವರ ಭಜನಾ ಮಂಡಳಿಯ ಹಿಂದೆ ಊರೂರು ಅಲೆದವಳು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಮಣ್ಣಿಗೆ ಒಯ್ಯುವ ತನಕ ಎದುರಿಗೆ ಕೂತು ಭಜನೆ ಮಾಡುತ್ತಾರೆ. ಅಂಥ ಮನೆಗಳಿಗೆ ಮಂಡಳಿಯವರನ್ನು ಕರೆಸುತ್ತಾರೆ. ಹಾರ್ಮೋನಿಯಂ, ತಬಲಾ, ತಾಳ, ಮೂಲೆಯಲ್ಲಿ ನಮ್ಮವರ ಗಿಟಾರು. ಸಾವಿನ ಮನೆಗೆ ಸಿನಿಮಾದ ವಾದ್ಯ ಯಾಕೆ ಎಂದು ಹಿರಿಯರು ಮೊದಮೊದಲು ಗೊಣಗಿದ್ದುಂಟು. ಅವರ ಬಾಯಿ ಮುಚ್ಚಿಸಿದ್ದು ಭಾಲ್ಕಿಯಲ್ಲಿದ್ದ ನಮ್ಮವರ ಅಕ್ಕ. ತಾಯಿ ಬೇಗ ಹೋದ ಮನೆಯಲ್ಲಿ ತಮ್ಮನನ್ನು ಸಾಕಿದವರು ಅವರೇ. ಎಲ್ಲರ ಎದುರಿಗೇ ತಮ್ಮನಿಗೆ ಹೇಳಿಬಿಟ್ಟಿದ್ದರು: "ನಾಳಿಗಿ ನನ್ನ ಗ್ವಾಡಿಗಿ ಕೂಡಿಸಿದಾಗ ಇದನ್ನೇ ಬಾರಸ್ಬೇಕು ನೀ. ಅಳಕೋತ ಕುಂತಿ ಅಂದ್ರ ಎದ್ದು ಬಂದು ಹೊಡೀತೇನಿ." ಅವರು ನಕ್ಕರು. ನಮ್ಮವರು ನಗಲಿಲ್ಲ, ತಲೆಯಾಡಿಸಿದರು. ಕೊಟ್ಟ ಮಾತು ಅಂದರೆ ಅವರಿಗೆ ಗಂಜಿನಲ್ಲಿ ಕೊಟ್ಟ ಮಾತಿನಷ್ಟೇ ಗಟ್ಟಿ.

ಈಗ ತಂತಿಯ ವಿಷಯ. ಗಿಟಾರಿಗೆ ಆರು ತಂತಿ. ಎರಡು ಬರಿಯ ಉಕ್ಕಿನ ಎಳೆ. ಉಳಿದ ನಾಲ್ಕು ದಪ್ಪ ತಂತಿಗಳಲ್ಲಿ ಒಳಗೊಂದು ಎಳೆ, ಅದರ ಮೇಲೆ ಇನ್ನೊಂದನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಸುತ್ತಿದ್ದು ದುಂಡನೆಯ ತಂತಿಯಾದರೆ ಅದು ರೌಂಡ್‌ವೌಂಡ್. ಉಗುರಿನಿಂದ ಎಳೆದರೆ ಸಣ್ಣ ಅರದ ಹಾಗೆ ಝರ್ ಎನ್ನುತ್ತದೆ. ಸುತ್ತಿದ್ದು ಚಪ್ಪಟೆ ಪಟ್ಟಿಯಾದರೆ ಫ್ಲ್ಯಾಟ್‌ವೌಂಡ್; ಕೈಗೆ ನುಣ್ಣಗೆ, ಸದ್ದು ಸ್ವಲ್ಪ ಮಂದ. ಇದೆಲ್ಲ ನಾನು ಕಲಿತದ್ದು ಗತಿಯಿಲ್ಲದೆ. ಅಲ್ಲಿಯ ತನಕ ಬೀದರಿನ ಅಂಗಡಿಯಲ್ಲಿ ಗಿಟಾರಿನ ತಂತಿ ಕೊಡಿ ಅಂದರೆ ಕೊಡುತ್ತಿದ್ದದ್ದು ಒಂದೇ ನಮೂನೆ, ಒರಟಿನದು. ನಮ್ಮವರ ಕೈಯೂ ಅದಕ್ಕೇ ಒಗ್ಗಿತ್ತು. ಹಾಡುವವರ ದನಿ ಏರಿದ ಹಾಗೆ ಬೆರಳನ್ನು ಎತ್ತದೆ ದಪ್ಪ ತಂತಿಯ ಮೇಲೆ ಜಾರಿಸಿಕೊಂಡೇ ಹೋಗುವುದು ಅವರ ರೂಢಿ. ಜಾರಿಸಿದಾಗೆಲ್ಲ ಕಿರ್ರ್ ಎಂದು ಸದ್ದಾಗುತ್ತಿತ್ತು. ಸಾವಿನ ಮನೆಯಲ್ಲಿ ಆ ಸದ್ದು ನನಗೆ ಮುಜುಗರ ತರುತ್ತಿತ್ತು. ಅವರಿಗೆ ಅದೇ ದಾರಿ ತೋರಿಸುತ್ತಿತ್ತಂತೆ. ಒರಟು ಇಲ್ಲದಿದ್ದರೆ ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ ಅನ್ನುತ್ತಿದ್ದರು.

ನನ್ನ ತವರು ಔರಾದ ತಾಲ್ಲೂಕಿನ ಎಕಂಬಾ. ಅಲ್ಲಿ ನನ್ನ ಅಣ್ಣ ಹೊಸ ಮನೆ ಕಟ್ಟಿಸಿದಾಗ ಮಂಡಳಿಯನ್ನು ಕರೆಸಿದ್ದ. ಶುರುವಾಗುವ ಮೊದಲು ವೈನಿ, ಅಂದರೆ ಅಣ್ಣನ ಹೆಂಡತಿ, ತಬಲಾ, ಹಾರ್ಮೋನಿಯಂ, ಗಿಟಾರು ಎಲ್ಲಕ್ಕೂ ಕುಂಕುಮ ಹಚ್ಚಿ ಕೈ ಮುಗಿದಳು. ಹಾಗಾಗಿ ಎರಡು ಮೂರು ಹಾಡು ಆಗುವ ಹೊತ್ತಿಗೆ ಗಿಟಾರಿನ ಕುತ್ತಿಗೆಯ ಮೇಲೆ ಕೆಂಪು ಹರಡಿದ್ದನ್ನು ಕಂಡವರೆಲ್ಲ ಕುಂಕುಮ ಬೆವರಿಗೆ ಕರಗಿದೆ ಅಂದುಕೊಂಡರು. ನಾನೂ ಅಂದುಕೊಂಡೆ. ವೈನಿ ಚಹಾ ಕೊಡಲು ಬಗ್ಗಿದವಳು ತಾನೇ ಹಚ್ಚಿದ್ದು ಹೆಚ್ಚಾಯಿತೆಂದು ಸೆರಗಿನ ಚುಂಗಿನಿಂದ ಒರೆಸಿದಳು. ಒರೆಸಿದ ಸೆರಗನ್ನು ನೋಡಿ ಅವಳ ಮುಖ ಬದಲಾಯಿತು, ನನ್ನ ಕಡೆ ನೋಡಿದಳು. ನಾನು ಹೋಗಿ ನಮ್ಮವರ ಎಡಗೈ ಹಿಡಿದು ತಿರುಗಿಸಿದೆ. ಎರಡು ಬೆರಳ ತುದಿ ಸೀಳಿ ರಕ್ತ ಇಳಿಯುತ್ತಿತ್ತು. ಯಾರಿಗೆ ಏನಾಯಿತು ಎಂದು ಅವರೇ ಕೇಳಿದರು. ನಾನು ಬಹಳ ಹೆದರಿದೆ. ರಕ್ತಕ್ಕಿಂತ ಆ ಪ್ರಶ್ನೆಗೆ ಹೆದರಿದೆ.

ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತೇ ಇತ್ತು. ಗಾದಿಯ ಮೇಲೆ ಕೂತು ಹೊತ್ತುಹೊತ್ತಿಗೆ ಚಹಾ ಕುಡಿಯುವವರಿಗೆ ಅದು ಬರುವುದೇನು ದೊಡ್ಡದಲ್ಲ. ಗುಳಿಗೆ ನುಂಗಿ ಮೇಲೆ ಜಿಲೇಬಿ ತಿಂದು ಲೆಕ್ಕ ಚುಕ್ತಾ ಅನ್ನುವ ಪೈಕಿ ನಮ್ಮವರು. ಬೀದರಿನ ಡಾಕ್ಟರು ಸೂಜಿಯಿಂದ ಒಂದೊಂದೇ ಬೆರಳು ಚುಚ್ಚಿ ನೋಡಿದರು. ನರ ಸಾಯುತ್ತಿವೆ, ಯಾವಾಗಿನಿಂದ ಹೀಗೆ ಅಂದರು. ಇವರು ಮೊನ್ನೆ ಮೊನ್ನೆ ಅಂದರು. ಆಗ ನನಗೆ ತೊಗರಿಯ ನೆನಪು ಬಂತು. ರಾಶಿಗೆ ಮೊಣಕೈ ತನಕ ಕೈ ಹೊಗಿಸಿ ಹಸಿಯೋ ಒಣಗಿದ್ದೋ ಹೇಳುವುದರಲ್ಲಿ ಗಂಜಿನಲ್ಲಿ ಇವರ ಮಾತೇ ಕೊನೆಯ ಮಾತು. ಹಿಂದಿನ ಸುಗ್ಗಿಯಲ್ಲಿ ಒಣಗಿದೆ ಎಂದು ಇವರು ಹೇಳಿದ ಮಾಲು ಚೀಲದೊಳಗೆ ಕಾವು ಕಟ್ಟಿಕೊಂಡು ಕೆಟ್ಟಿತ್ತು. ಅದಾದ ಮೇಲೆ ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡತೊಡಗಿದ್ದರು. ಬೆರಳಿನ ಮೇಲಿನ ನಂಬಿಕೆ ಆಗಲೇ ಹೋಗಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಡಾಕ್ಟರ ಎದುರಿಗೆ ಜಗಳ ಬೇಡವೆಂದು ಸಿಟ್ಟು ನುಂಗಿದೆ.

ಗಾಯವಾದರೆ ಗೊತ್ತಾಗುವುದಿಲ್ಲ, ಗೊತ್ತಾಗದ್ದು ಮಾಯುವುದಿಲ್ಲ, ಮಾಯದಿದ್ದರೆ ಬೆರಳೇ ತೆಗೆಯಬೇಕಾದೀತು. ಗಿಟಾರು ಬಿಡಿ ಎಂದರು ಡಾಕ್ಟರು. ಮನೆಗೆ ಬಂದು ಇವರು ಚಪ್ಪಲಿ ಬಿಡುತ್ತ ಹೇಳಿದರು: "ಅಂಗಡಿ ಬಿಡಂದ್ರ ಬಿಡ್ತೇನಿ. ಅಕ್ಕನ ಮುಂದ ಬಾರಸೂ ತನಕ ಇದು ಬಿಡಾಂಗಿಲ್ಲ."

ಬಿಡಿಸಲು ನನ್ನಿಂದ ಆಗಲಿಲ್ಲ. ಬಿಡಿಸಬೇಕೆಂದು ಮನಸ್ಸೂ ಪೂರ್ತಿ ಇರಲಿಲ್ಲ; ಸಂಜೆಯ ಆ ಸದ್ದಿಲ್ಲದ ಮನೆ ಹೇಗಿರಬಹುದೆಂದು ಊಹಿಸಲೂ ನನಗೆ ಆಗುತ್ತಿರಲಿಲ್ಲ. ಹುಡುಕಿ ಹುಡುಕಿ ಕೈ ಕೊಯ್ಯದ ತಂತಿ ಇದೆ ಎಂದು ತಿಳಿದುಕೊಂಡೆ. ಬೀದರಿನಲ್ಲಿ ಸಿಗಲಿಲ್ಲ, ಮೊಬೈಲಿನಲ್ಲೇ ತರಿಸಿದೆ. ಮೊದಲು ಬಂದದ್ದು ಬೇರೆಯೇ ಜಾತಿಯ ಗಿಟಾರಿನ ನಾಲ್ಕು ದಪ್ಪ ತಂತಿ. ಇವರು ಅದನ್ನು ಎತ್ತಿ ಹಿಡಿದು, ಎಮ್ಮಿ ಕಟ್ಟಲಿಕ್ಕೆ ಛಲೋ ಆಗ್ತದ ಅಂದರು. ಆ ವರ್ಷ ನಾವಿಬ್ಬರೂ ಹೊಟ್ಟೆ ತುಂಬ ನಕ್ಕದ್ದು ಅದೊಂದೇ ಸಲ. ಆಮೇಲೆ ಸರಿಯಾದವು ಬಂದವು. ಏರಿಸಿ ನುಡಿಸಿದರು. ಕಿರ್ರ್ ಸದ್ದು ಪೂರ್ತಿ ಹೋಗಿತ್ತು. ಪಕ್ಕದ ಮನೆಯ ಗೋಡೆಯ ಆಚೆಯಿಂದ ಕೇಳಿದ ಹಾಗೆ ದನಿ ಮೆತ್ತಗಾಗಿತ್ತು. ನನಗೆ ಹಿಡಿಸಿತು. ಅವರು ಮಾತ್ರ ಮುಖ ಕಿವುಚಿದರು. ಕೈಯಾಗ ಏನೂ ಹಿಡದಂಗೇ ಆಗವಲ್ದು ಎಂದರು. ಅಂದಿನಿಂದ ಬೆರಳುಗಳನ್ನು ನೋಡಿಕೊಂಡೇ ನುಡಿಸುವುದು ರೂಢಿಯಾಯಿತು. ಕುತ್ತಿಗೆ ಬಗ್ಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದು ಬೆರಳನ್ನೂ ಕಣ್ಣಿನಿಂದ ಜಾಗಕ್ಕೆ ಕಳಿಸುವರು. ನುಡಿಸಾಣಿಕೆ ನಿಧಾನವಾಯಿತು, ಬೆರಳು ಉಳಿದವು. ಸಾಕಲ್ಲ, ಇನ್ನೇನು ಬೇಕು ಎಂದು ನಾನು ನೆಮ್ಮದಿಯಾಗಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಭಾಲ್ಕಿಯಿಂದ ಫೋನು ಬಂತು. ಅಕ್ಕ ಬೆಳಗಿನ ಪೂಜೆಗೆ ಕೂತವರು ಹಾಗೇ ವಾಲಿದ್ದರು. ನಾವು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ ಆಗಿತ್ತು. ಅವರಿಗೆ ಇಷ್ಟವಾದ ಹಸಿರು ಇಳಕಲ್ ಸೀರೆ ಉಡಿಸಿದ್ದರು. ಮಂಡಳಿಯವರು ಜೀಪಿನಲ್ಲಿ ಬಂದಿಳಿದರು. ಇವತ್ತು ನೀವು ಮನೆಯವರು, ಸುಮ್ಮನೆ ಕೂಡಿರಿ ಎಂದು ಹಾರ್ಮೋನಿಯಂ ನುಡಿಸುವ ಹಿರಿಯರು ಹೇಳಿ ನೋಡಿದರು. ಇವರು ಕೇಳಲಿಲ್ಲ. ಅಕ್ಕನ ಎದುರಿಗೇ ಕೂತು ಗಿಟಾರು ತೊಡೆಗೆ ಎಳೆದುಕೊಂಡರು.

ಮೊದಲ ಹಾಡು ಸರಿಯಾಗಿಯೇ ಹೋಯಿತು, ತಲೆ ಬಗ್ಗಿಸಿ ಬೆರಳು ನೋಡಿಕೊಂಡಿದ್ದರು. ಎರಡನೆಯ ಹಾಡಿನಲ್ಲಿ ತಲೆ ಎತ್ತಿ ಅಕ್ಕನ ಮುಖ ನೋಡಿದರು. ನೋಡದೆ ಇರುವುದಾದರೂ ಹೇಗೆ? ಕಣ್ಣು ತುಂಬಿ ಬಂತು. ಮತ್ತೆ ಕೆಳಗೆ ನೋಡಿದರೂ ಏನೂ ಕಂಡಿರಲಾರದು. ಬೆರಳುಗಳು ಪಕ್ಕದ ತಂತಿಗೆ ಸರಿದವು. ಅವರಿಗೆ ಅದು ಗೊತ್ತಿಲ್ಲ. ನನ್ನಂಥ ಕಿವಿಯವಳಿಗೂ ಅಪಸ್ವರ ತಿಳಿಯಿತು ಅಂದ ಮೇಲೆ ಅಲ್ಲಿ ತಿಳಿಯದವರು ಯಾರೂ ಇರಲಿಲ್ಲ, ಅವರೊಬ್ಬರ ಹೊರತು. ಹಾಡುವವರು ತಡವರಿಸಿ ನಿಂತರು. ತಬಲಾ ನಿಂತಿತು. ಇವರು ಕಣ್ಣು ಮುಚ್ಚಿ ಇನ್ನೂ ನುಡಿಸುತ್ತಲೇ ಇದ್ದರು. ಹಾರ್ಮೋನಿಯಂ ಹಿರಿಯರು ಕೈ ಚಾಚಿ ತಂತಿಗಳ ಮೇಲೆ ಅಂಗೈ ಇಟ್ಟರು. ಅತ್ತ ಅಳುತ್ತಿದ್ದ ಹೆಂಗಸರೂ ಸುಮ್ಮನಾದರು. ನಾಚಿಕೆಯೋ ಸಂಕಟವೋ ತಿಳಿಯದೆ ನಾನು ನೆಲ ನೋಡುತ್ತ ಕೂತೆ. ಅಕ್ಕನನ್ನು ಹಾರ್ಮೋನಿಯಂ, ತಾಳದ ಭಜನೆಯಲ್ಲೇ ಕಳಿಸಿದೆವು.

ಆಮೇಲೆ ದಿನಗಟ್ಟಲೆ ಮನೆಯಲ್ಲಿ ಒಂದೇ ಮಾತು. ತಪ್ಪು ತಂತಿಯದು. ಒರಟು ಇದ್ದಿದ್ದರೆ ಕಣ್ಣು ಮುಚ್ಚಿದರೂ ದಾರಿ ಸಿಗುತ್ತಿತ್ತು. ನಾನು ಬೆರಳು ಉಳಿಸಲು ಹೋಗಿ ಅವರು ಕೊಟ್ಟ ಮಾತು ಕೆಡಿಸಿದೆ. ಇದನ್ನು ಊಟಕ್ಕೆ ಕೂತಾಗ ಅನ್ನುವರು, ಅಂಗಡಿಗೆ ಹೊರಟಾಗ ಅನ್ನುವರು. ಭಾಲ್ಕಿಯಲ್ಲಿ ಅಕ್ಕನ ಪುಣ್ಯಸ್ಮರಣೆ ಬರುತ್ತದಲ್ಲ, ಅವತ್ತು ಒರಟು ತಂತಿ ಹಾಕಿ ಅದೇ ಜಾಗದಲ್ಲಿ ಕೂತು ನುಡಿಸಿ ತೀರುತ್ತೇನೆ, ಆಮೇಲೆ ಬೆರಳು ಹೋದರೆ ಹೋಗಲಿ ಎಂದು ಹಟ. ನನಗೂ ಕೇಳಿ ಕೇಳಿ ತಲೆ ಕೆಟ್ಟಿತು. ಹಾಗಿದ್ದರೆ ಆಗಲಿ ಎಂದು ನಾನೇ ಪೇಟೆಗೆ ಹೋಗಿ ಒರಟು ತಂತಿಯ ಪೊಟ್ಟಣ ತಂದೆ. ಆದರೆ ಏರಿಸುವ ಮೊದಲು ಒಂದು ಸಲ ಪರೀಕ್ಷೆ ಮಾಡುತ್ತೇನೆ ಅಂದೆ. ನಾನು ವಿಜ್ಞಾನದ ಟೀಚರು, ಪ್ರಯೋಗವಿಲ್ಲದೆ ನನಗೆ ಸಮಾಧಾನವಿಲ್ಲ. ಅವರೂ ಒಪ್ಪಿದರು. ಗೆಲ್ಲುವ ಖಾತ್ರಿ ಇತ್ತು.

ರವಿವಾರ ಮುಂಜಾನೆ, ಕಿಟಕಿಯ ಹತ್ತಿರ ಬೆಳಕಿಗೆ ಎದುರುಬದುರು ಕೂತೆವು. ಕಣ್ಣು ಮುಚ್ಚಲು ಹೇಳಿದೆ. ಎಡಗೈಯನ್ನು ನನ್ನ ತೊಡೆಯ ಮೇಲೆ ಚಾಚಿದರು. ಏರಿಸುವಾಗ ಕತ್ತರಿಸಿ ಉಳಿದಿದ್ದ ನುಣ್ಣನೆ ತಂತಿಯ ತುಂಡನ್ನು ತೋರುಬೆರಳಿನ ಮೇಲೆ ಎಳೆದೆ. ನುಣ್ಣನೆಯದು ಎಳೆದೆ ಅಂದೆ, ಅವರಿಗೆ ತಿಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿದ್ದದ್ದೇ. ಅದನ್ನು ಬದಿಗಿಟ್ಟು ಪೊಟ್ಟಣದಿಂದ ಒರಟಿನದನ್ನು ತೆಗೆದುಕೊಂಡೆ. ಮೊದಲು ಮೆಲ್ಲಗೆ ಎಳೆದೆ. ಆಮೇಲೆ ಒತ್ತಿ ಎಳೆದೆ. ಆಮೇಲೆ ಚರ್ಮದಲ್ಲಿ ಗೆರೆ ಮೂಡುವ ತನಕ ಒತ್ತಿ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

"ನುಣ್ಣಂದು ಆತಲ್ಲ. ಈಗ ಒರಟಂದು ಇಡು," ಅಂದರು. "ಹ್ಯಾಂಗ ತಟ್ಟನೆ ಹೇಳ್ತೇನಿ ನೋಡು."

ಒಂದೊಂದೇ ಬೆರಳಿಗೂ ಇಟ್ಟು ನೋಡಿದೆ. ಅವರು ಕಾಯುತ್ತಲೇ ಇದ್ದರು. ಸುಳ್ಳು ಹೇಳಿಬಿಡಬಹುದಿತ್ತು, ಇನ್ನೂ ಇಟ್ಟಿಲ್ಲ ಅನ್ನಬಹುದಿತ್ತು.

"ಇಟ್ಟೀನ್ರಿ," ಅಂದೆ.

ಕಣ್ಣು ತೆರೆದರು. ಬೆರಳಿನ ಮೇಲಿದ್ದ ತಂತಿಯನ್ನು, ಬೆರಳುಗಳ ಮೇಲಿನ ಕೆಂಪು ಗೆರೆಗಳನ್ನು ನೋಡಿದರು. ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತುಟಿಗೆ ತಾಗಿಸಿ ಎಳೆದು ನೋಡಿದರು. ತುಟಿಗೆ ತಿಳಿಯಿತು ಅಂತ ಕಾಣುತ್ತದೆ.

"ಹಂಗಾರ ಅವತ್ತು ಅಕ್ಕನ ಮುಂದ ತಪ್ಪಿದ್ದು ತಂತಿ ಅಲ್ಲ," ಅಂದರು.

ಅವರ ಕೈ ನನ್ನ ತೊಡೆಯ ಮೇಲೇ ಇತ್ತು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಆದರೆ ಹಿಡಿದದ್ದು ಅವರಿಗೆ ತಿಳಿಯಿತೋ ಇಲ್ಲವೋ ಎಂದು ಕೇಳುವ ಧೈರ್ಯ ಆಗಲಿಲ್ಲ.